ಮೂಗರ್ಜಿ ಇಮೇಲ್ ಬಂದಾಗ: ಐಪಿ ವಿಳಾಸದಿಂದ ಕಳುಹಿಸಿದವರು ಸಿಗುತ್ತಾರೆಯೇ?

ಮಲೆನಾಡಿನ ಒಂದು ಅನುದಾನಿತ ಪ್ರೌಢಶಾಲೆಗೆ ಒಂದು ಬೆಳಿಗ್ಗೆ ಮೂಗರ್ಜಿ ಬಂತು. ಅಂಚೆಯಲ್ಲಲ್ಲ, ಇಮೇಲ್‌ನಲ್ಲಿ. ಬಿಸಿಯೂಟದ ಅಕ್ಕಿಯ ಲೆಕ್ಕದಲ್ಲಿ ಮುಖ್ಯೋಪಾಧ್ಯಾಯಿನಿಯವರು ಕೈಯಾಡಿಸಿದ್ದಾರೆ ಎಂಬ ಆರೋಪ. ಬಿಇಒ ಕಚೇರಿಗೂ ಆಡಳಿತ ಮಂಡಳಿಯ ಸದಸ್ಯರಿಗೂ ಪ್ರತಿ. ಕಳುಹಿಸಿದ್ದು ಹೊಸದಾಗಿ ತೆರೆದ ಜಿಮೇಲ್ ಖಾತೆಯಿಂದ. ಹೆಸರಿನ ಜಾಗದಲ್ಲಿ ‘ನೊಂದ ಪೋಷಕ’ ಎಂದಷ್ಟೇ ಇತ್ತು.

ಮಂಡಳಿಯ ಸದಸ್ಯರೊಬ್ಬರ ಅಳಿಯ ಕಂಪ್ಯೂಟರ್ ಬಲ್ಲವನು. ಆ ಪತ್ರದ ಒಳಗಿನ ವಿವರಗಳಿಂದ 209.85.220.41 ಎಂಬ ಐಪಿ ವಿಳಾಸವನ್ನು (ಅಂತರಜಾಲದಲ್ಲಿ ಒಂದು ಯಂತ್ರವನ್ನು ಗುರುತಿಸುವ ಸಂಖ್ಯೆ) ಹೆಕ್ಕಿ, ನಕ್ಷೆ ತೋರಿಸುವ ಒಂದು ಜಾಲತಾಣಕ್ಕೆ ಹಾಕಿದ. ಗುರುತು ಬಿದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮೌಂಟನ್ ವ್ಯೂ ಎಂಬ ಊರಿನ ಮೇಲೆ. ಮಂಡಳಿಯ ಮಾಜಿ ಕಾರ್ಯದರ್ಶಿಯವರ ಮಗ ಕೆಲಸದಲ್ಲಿರುವುದು ಅದೇ ಸೀಮೆಯಲ್ಲಿ. ಸಂಜೆಯೊಳಗೆ ಊರಿನಲ್ಲಿ ತೀರ್ಪು ಆಗಿಹೋಗಿತ್ತು. ಮೂವತ್ತು ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದ ಎರಡು ಮನೆಗಳ ನಡುವೆ ಮಾತು ನಿಂತಿತು. ಮುಂದಿನ ತಿಂಗಳ ಮದುವೆಗೆ ಕರೆಯೋಲೆಯೂ ಹೋಗಲಿಲ್ಲ.

ನಾನು ಕೆಲವು ಶಿಕ್ಷಣ ಸಂಸ್ಥೆಗಳ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಹದಿನೈದು ದಿನಗಳ ನಂತರ ಆ ಪತ್ರ ನನ್ನ ಕೈಗೆ ಬಂತು. ಆ ಐಪಿ ವಿಳಾಸ ಗೂಗಲ್ ಕಂಪನಿಯ ಸ್ವಂತ ಸರ್ವರ್‌ನದು. ತೀರ್ಥಹಳ್ಳಿಯಿಂದ ಕಳುಹಿಸಿದರೂ ಟೋಕಿಯೊದಿಂದ ಕಳುಹಿಸಿದರೂ ಜಿಮೇಲ್ ಪತ್ರದ ಮೇಲೆ ಕಾಣಿಸುವುದು ಅಂಥದೇ ವಿಳಾಸ. ನಕ್ಷೆಯ ಗುರುತಿಗೂ ಆ ಹುಡುಗನಿಗೂ ಯಾವ ಸಂಬಂಧವೂ ಇರಲಿಲ್ಲ.

ಈ ಲೇಖನ ಬರೆಯುತ್ತಿರುವುದು ಅಂಥ ಇನ್ನೊಂದು ತಪ್ಪು ತೀರ್ಪು ಆಗಬಾರದು ಎಂದು. ಐಪಿ ವಿಳಾಸದಿಂದ ಇಮೇಲ್ ಕಳುಹಿಸಿದವರನ್ನು ನೀವು ಮನೆಯಲ್ಲಿ ಕುಳಿತು ಹಿಡಿಯಬಹುದೇ ಎಂದರೆ, ಬಹುಪಾಲು ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಪೊಲೀಸರು ಹಿಡಿಯಬಹುದೇ ಎಂದರೆ, ಹಲವು ಬಾರಿ ಸಾಧ್ಯವಿದೆ. ಆದರೆ ಅದಕ್ಕೆ ಬೇಕಾದ ಪುರಾವೆಯನ್ನು ಮೊದಲ ದಿನವೇ ಕೆಡದಂತೆ ಉಳಿಸಿಕೊಳ್ಳಬೇಕಾದವರು ನೀವು. ಆದ್ದರಿಂದ ಉಳಿಸಿಕೊಳ್ಳುವುದರಿಂದಲೇ ಆರಂಭಿಸುತ್ತೇನೆ.

ಮೊದಲು ಪತ್ರವನ್ನು ಕಾಪಾಡಿ

ಬೆದರಿಕೆಯೋ ಅವಹೇಳನವೋ ತುಂಬಿದ ಪತ್ರ ಬಂದಾಗ ಅಳಿಸಿಹಾಕಬೇಕು ಎನಿಸುವುದು ಸಹಜ. ಅಳಿಸಬೇಡಿ. ಉತ್ತರಿಸಲೂ ಬೇಡಿ; ಉತ್ತರ ಹೋದರೆ ಈ ಖಾತೆಯನ್ನು ಯಾರೋ ಓದುತ್ತಿದ್ದಾರೆ ಎಂಬುದು ಆ ಕಡೆಯವರಿಗೆ ಖಚಿತವಾಗುತ್ತದೆ.

ಬಹಳ ಜನ ಮಾಡುವ ತಪ್ಪು ಇನ್ನೊಂದಿದೆ. ಪತ್ರವನ್ನು ಪರಿಚಯದವರಿಗೆ ಫಾರ್ವರ್ಡ್ ಮಾಡಿ ‘ಇದನ್ನು ಯಾರು ಕಳುಹಿಸಿದ್ದು ನೋಡಿ’ ಎಂದು ಕೇಳುತ್ತಾರೆ. ಫಾರ್ವರ್ಡ್ ಮಾಡಿದ ಪತ್ರದಲ್ಲಿ ಮೂಲದ ಹೆಡರ್, ಅಂದರೆ ಪತ್ರ ಬಂದ ದಾರಿಯನ್ನು ದಾಖಲಿಸುವ ಮರೆಯ ಸಾಲುಗಳು, ಇರುವುದಿಲ್ಲ. ಅಲ್ಲಿ ಕಾಣುವ ದಾರಿಯೆಲ್ಲ ನಿಮ್ಮ ಖಾತೆಯಿಂದ ಹೊರಟದ್ದು. ಸ್ಕ್ರೀನ್‌ಶಾಟ್‌ನಲ್ಲಿ, ಮುದ್ರಿಸಿದ ಹಾಳೆಯಲ್ಲಿ ಅದೂ ಇಲ್ಲ. ಅಂಚೆ ಠಸ್ಸೆ ಬಿದ್ದ ಲಕೋಟೆಯನ್ನು ಎಸೆದು ಒಳಗಿನ ಕಾಗದವನ್ನು ಮಾತ್ರ ತೋರಿಸಿದ ಹಾಗಾಗುತ್ತದೆ.

ಜಿಮೇಲ್ ಆದರೆ ಮೊಬೈಲ್ ಆ್ಯಪ್ ಬಿಟ್ಟು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಖಾತೆ ತೆರೆಯಿರಿ. ಪತ್ರದ ಬಲ ಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ ‘ಶೋ ಒರಿಜಿನಲ್’ ಆರಿಸಿ. ಹೊಸ ಪುಟದಲ್ಲಿ ಪತ್ರದ ಪೂರ್ಣ ಹೆಡರ್ ಕಾಣುತ್ತದೆ. ಅಲ್ಲೇ ‘ಡೌನ್‌ಲೋಡ್ ಒರಿಜಿನಲ್’ ಎಂಬ ಕೊಂಡಿಯೂ ಇದೆ. ಒತ್ತಿದರೆ ಇಎಂಎಲ್ ಎಂಬ ಬಾಲವಿರುವ ಕಡತ ಬರುತ್ತದೆ. ಯಾಹೂದಲ್ಲಿ ಇದೇ ಸೌಲಭ್ಯದ ಹೆಸರು ‘ವ್ಯೂ ರಾ ಮೆಸೇಜ್’. ಕಂಪ್ಯೂಟರಿನಲ್ಲಿ ಸ್ಥಾಪಿಸಿದ ಹಳೆಯ ಔಟ್‌ಲುಕ್‌ನಲ್ಲಿ ಪತ್ರವನ್ನು ಬೇರೆ ಕಿಟಕಿಯಲ್ಲಿ ತೆರೆದು, ‘ಫೈಲ್’ ಒಳಗಿನ ‘ಪ್ರಾಪರ್ಟೀಸ್’ ಒತ್ತಿದರೆ ಕೆಳಗಿನ ಪುಟ್ಟ ಚೌಕದಲ್ಲಿ ಹೆಡರ್ ಸಿಗುತ್ತದೆ.

ಆ ಕಡತವನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ಇಳಿಸಿಕೊಂಡಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಮೂಲ ಪತ್ರ ಖಾತೆಯಲ್ಲೇ ಇರಲಿ.

ಹೆಡರ್ ಓದುವ ಮುನ್ನ ಒಂದು ಪರೀಕ್ಷೆ

ಐಪಿ ಹುಡುಕಲು ಆತುರಪಡುವ ಮುನ್ನ, ಪತ್ರ ನಿಜಕ್ಕೂ ಆ ಇಮೇಲ್ ವಿಳಾಸದಿಂದಲೇ ಬಂತೇ ಎಂದು ನೋಡಬೇಕು. ಬ್ಯಾಂಕಿನ ಹೆಸರಿನಲ್ಲೋ ನಿಮ್ಮ ಮೇಲಧಿಕಾರಿಯ ಹೆಸರಿನಲ್ಲೋ ಬಂದ ಪತ್ರವಾದರೆ ಈ ಪರೀಕ್ಷೆಯೇ ಐಪಿಗಿಂತ ಹೆಚ್ಚು ಉಪಯುಕ್ತ. ‘ಫ್ರಮ್’ ಸಾಲಿನಲ್ಲಿ ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಲಕೋಟೆಯ ಹಿಂಬದಿಯಲ್ಲಿ ಕಳುಹಿಸುವವರ ವಿಳಾಸವನ್ನು ಅಂಚೆಯವರು ಪರಿಶೀಲಿಸುವುದಿಲ್ಲವಲ್ಲ, ಹಾಗೆಯೇ.

ಜಿಮೇಲ್‌ನ ‘ಶೋ ಒರಿಜಿನಲ್’ ಪುಟದ ಮೇಲ್ಭಾಗದಲ್ಲಿ ಮೂರು ಹೆಸರುಗಳಿರುತ್ತವೆ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಈ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಪರವಾಗಿ ಪತ್ರ ಕಳುಹಿಸಲು ಈ ಸರ್ವರ್‌ಗೆ ಅನುಮತಿ ಇದೆಯೇ ಎಂದು ಎಸ್‌ಪಿಎಫ್ ಹೇಳುತ್ತದೆ. ದಾರಿಯಲ್ಲಿ ಪತ್ರವನ್ನು ತಿದ್ದಿಲ್ಲ, ಡೊಮೇನ್‌ನ ಡಿಜಿಟಲ್ ಸಹಿ ಸರಿಯಿದೆ ಎಂಬುದನ್ನು ಡಿಕಿಮ್ ಹೇಳುತ್ತದೆ. ಇವುಗಳ ಫಲಿತಾಂಶ ನಮ್ಮ ಕಣ್ಣಿಗೆ ಕಾಣುವ ‘ಫ್ರಮ್’ ವಿಳಾಸಕ್ಕೆ ತಾಳೆಯಾಗುತ್ತದೆಯೇ ಎಂದು ಡಿಮಾರ್ಕ್ ನೋಡುತ್ತದೆ. ಮೂರರ ಮುಂದೆಯೂ ‘ಪಾಸ್’ ಎಂದಿದ್ದರೆ ಪತ್ರ ಆ ಡೊಮೇನಿನಿಂದಲೇ ಹೊರಟಿದೆ ಎಂದು ನಂಬಬಹುದು. ಇಷ್ಟರಿಂದ ಕಳುಹಿಸಿದವರು ಒಳ್ಳೆಯವರು ಎಂದೇನೂ ಸಾಬೀತಾಗುವುದಿಲ್ಲ; ಶಾಲೆಗೆ ಬಂದ ಮೂಗರ್ಜಿಯೂ ಮೂರರಲ್ಲೂ ಪಾಸಾಗಿತ್ತು, ಏಕೆಂದರೆ ಅದು ನಿಜವಾದ ಜಿಮೇಲ್ ಖಾತೆಯಿಂದಲೇ ಬಂದಿತ್ತು. ಡಿಮಾರ್ಕ್ ಮುಂದೆ ‘ಫೇಲ್’ ಎಂದಿದ್ದರೆ ಮಾತ್ರ, ಯಾರದೋ ಹೆಸರನ್ನು ಇನ್ನಾರೋ ಬಳಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಹೆಸರು ಕಂಡವರ ಮೇಲೆ ಸಿಟ್ಟಾಗುವ ಮುನ್ನ ಅವರಿಗೊಂದು ಫೋನ್ ಮಾಡಿ.

ಠಸ್ಸೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ

ಹೆಡರ್‌ನಲ್ಲಿ ‘ರಿಸೀವ್ಡ್’ ಎಂದು ಆರಂಭವಾಗುವ ಹಲವು ಸಾಲುಗಳಿರುತ್ತವೆ. ಪತ್ರ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ, ಸ್ವೀಕರಿಸಿದ ಸರ್ವರ್ ತನ್ನ ಠಸ್ಸೆಯನ್ನು ಹಿಂದಿನ ಠಸ್ಸೆಗಳ ಮೇಲ್ಗಡೆ ಒತ್ತುತ್ತದೆ. ಇದು ಇಮೇಲ್ ಸಾಗಿಸುವ ಕ್ರಮವನ್ನು ಹೇಳುವ 1982ರ ಎಸ್‌ಎಂಟಿಪಿ ನಿಯಮಾವಳಿಯಿಂದಲೂ ಇರುವ ಪದ್ಧತಿ. ಆದ್ದರಿಂದ ಎಲ್ಲಕ್ಕಿಂತ ಕೆಳಗಿನ ‘ರಿಸೀವ್ಡ್’ ಸಾಲು ಪತ್ರ ಹೊರಟ ಜಾಗಕ್ಕೆ ಅತಿ ಹತ್ತಿರದ್ದು. ಎಲ್ಲಕ್ಕಿಂತ ಮೇಲಿನದು ನಿಮ್ಮ ಪೆಟ್ಟಿಗೆಗೆ ಹತ್ತಿರದ್ದು. ಪ್ರತಿ ಸಾಲಿನಲ್ಲೂ ‘ಫ್ರಮ್’ ಎಂಬುದರ ಮುಂದೆ ಕೊಟ್ಟವರು, ‘ಬೈ’ ಎಂಬುದರ ಮುಂದೆ ಪಡೆದವರು, ಕೊನೆಯಲ್ಲಿ ಸಮಯ.

ಕೆಳಗಿನ ಸಾಲನ್ನೇ ಕಣ್ಣು ಮುಚ್ಚಿ ನಂಬಬಾರದು. ಕಿಡಿಗೇಡಿಗಳು ತಾವೇ ಒಂದೆರಡು ಸುಳ್ಳು ‘ರಿಸೀವ್ಡ್’ ಸಾಲುಗಳನ್ನು ಬರೆದು ಪತ್ರಕ್ಕೆ ಸೇರಿಸಿ ಕಳುಹಿಸಬಹುದು. ಪೂರ್ತಿ ನಂಬಬಹುದಾದದ್ದು ನಿಮ್ಮ ಸ್ವಂತ ಮೇಲ್ ಸೇವೆ ಒತ್ತಿದ ಠಸ್ಸೆಯನ್ನು ಮಾತ್ರ. ನಾನು ಯಾವಾಗಲೂ ಮೇಲಿನಿಂದ ಇಳಿಯುತ್ತಾ, ನಮ್ಮ ಸರ್ವರ್ ಹೊರಗಿನವರಿಂದ ಪತ್ರ ಪಡೆದ ಸಾಲನ್ನು ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಅದರ ಕೆಳಗಿನದೆಲ್ಲ ಹೇಳಿಕೆ ಮಾತ್ರ, ಒಂದೊಂದನ್ನೂ ತಾಳೆ ನೋಡಬೇಕು. ಒಂದು ಸಾಲಿನ ‘ಬೈ’ ಅದರ ಮೇಲಿನ ಸಾಲಿನ ‘ಫ್ರಮ್’ಗೆ ಹೊಂದದಿದ್ದರೆ, ಸಮಯ ಹಿಂದೆಮುಂದೆ ಆಗಿದ್ದರೆ, ಅಲ್ಲಿ ಕೈಚಳಕ ನಡೆದಿದೆಯೇ ಎಂದು ಅನುಮಾನಿಸಬೇಕು.

ಸಮಯದ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಶಾಲೆಯ ಪತ್ರದಲ್ಲಿ ಒಂದು ಸಾಲಿನ ಕೊನೆಗೆ 20:40:12 -0800 ಎಂದಿತ್ತು. ‘ನೋಡಿ, ರಾತ್ರಿ ಎಂಟೂವರೆ ಮೇಲೆ, ಅದೂ ಅಮೆರಿಕದ ಸಮಯ’ ಎಂದು ಆ ಅಳಿಯ ಇನ್ನೊಂದು ಪುರಾವೆ ಹುಟ್ಟಿಸಿದ್ದ. ಗೂಗಲ್ ತನ್ನ ಠಸ್ಸೆಗಳಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರವನ್ನೇ ಬಳಸುತ್ತದೆ. ಅಲ್ಲಿನ ಚಳಿಗಾಲದಲ್ಲಿ -0800, ಬೇಸಿಗೆಯಲ್ಲಿ -0700. ಭಾರತದ ಸಮಯಕ್ಕೆ ತರಲು ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಕೂಡಿಸಬೇಕು. ಹಾಗೆ ಕೂಡಿಸಿದರೆ ಅದು ನಮ್ಮಲ್ಲಿ ಮರುದಿನ ಬೆಳಿಗ್ಗೆ 10 ಗಂಟೆ 10 ನಿಮಿಷ. ಶಾಲೆಯ ಎರಡನೆಯ ಗಂಟೆ ಹೊಡೆಯುವ ಹೊತ್ತು. ಅದೇ ಹೆಡರ್‌ನ ‘ಡೇಟ್’ ಸಾಲಿನಲ್ಲಿ +0530 ಎಂದಿತ್ತು, ಅಂದರೆ ಕಳುಹಿಸಿದವರ ಸಾಧನದ ಗಡಿಯಾರ ಭಾರತದ ಸಮಯಕ್ಕೆ ಹೊಂದಿಕೊಂಡಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಸಾಧನದ ಗಡಿಯಾರವನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ನಾನು ಇದನ್ನೂ ಸಾಕ್ಷಿ ಎನ್ನುವುದಿಲ್ಲ. ಆದರೆ ಅಮೆರಿಕದ ಕಡೆ ಬೆರಳು ತೋರಿಸಲು ಆ ಪತ್ರದಲ್ಲಿ ಏನೂ ಇರಲಿಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟ.

ಸಿಕ್ಕಿದ ಐಪಿ ಯಾರದು?

ಹೆಡರ್‌ನಲ್ಲಿ ಕಾಣುವ ವಿಳಾಸಗಳಲ್ಲಿ ಹಲವು ಬಗೆಗಳಿವೆ. 10ರಿಂದ ಆರಂಭವಾಗುವವು, 192.168ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಖಾಸಗಿ ವಿಳಾಸಗಳು. ಲೋಕದ ಲಕ್ಷಾಂತರ ಮನೆ, ಕಚೇರಿಗಳ ಒಳಗೆ ಇವೇ ಸಂಖ್ಯೆಗಳು ಮತ್ತೆ ಮತ್ತೆ ಬಳಕೆಯಲ್ಲಿವೆ. ‘ಮಹಡಿ ಮೇಲಿನ ಎಡಗಡೆ ಕೋಣೆ’ ಎಂದ ಹಾಗೆ. ಯಾವ ಮನೆಯ ಮಹಡಿ ಎಂಬುದು ಗೊತ್ತಿರದಿದ್ದರೆ ಪ್ರಯೋಜನವಿಲ್ಲ. ಜಿಮೇಲ್ ಹೆಡರ್‌ನಲ್ಲಿ 2002ರಿಂದ ಆರಂಭವಾಗುವ ಉದ್ದನೆಯ ವಿಳಾಸ ಕಂಡರೆ ಅದು ಗೂಗಲ್‌ನ ಒಳಗಿನ ಯಂತ್ರಗಳದು, ಅದನ್ನೂ ಬಿಟ್ಟುಬಿಡಿ.

ಉಳಿದ ಸಾರ್ವಜನಿಕ ವಿಳಾಸ ಯಾವ ಸಂಸ್ಥೆಗೆ ಸೇರಿದ್ದು ಎಂದು ‘ಹೂಈಸ್’ ಹುಡುಕಾಟದಿಂದ ತಿಳಿಯುತ್ತದೆ. ಏಷ್ಯಾ ಪೆಸಿಫಿಕ್ ವಲಯದ ವಿಳಾಸಗಳನ್ನು ಹಂಚುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಭಾರತದಲ್ಲಿ ಆ ಕೆಲಸ ಮಾಡುವುದು ನಿಕ್ಸಿ ಎಂಬ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಸಂಸ್ಥೆಯ ಅಡಿಯಲ್ಲಿರುವ ಐಆರ್‌ಐಎನ್‌ಎನ್. ಎಪಿನಿಕ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ಅದು ಯಾವ ಇಂಟರ್ನೆಟ್ ಕಂಪನಿಯದು, ದುರ್ಬಳಕೆಯ ದೂರನ್ನು ಯಾವ ಇಮೇಲ್‌ಗೆ ಕಳುಹಿಸಬೇಕು ಎಂಬುದು ಸಿಗುತ್ತದೆ. ಚಂದಾದಾರರ ಹೆಸರು ಸಿಗುವುದಿಲ್ಲ. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಎಂದು ಬಂದರೆ ನೀವು ನೋಡುತ್ತಿರುವುದು ಅಂಚೆ ಕಚೇರಿಯ ವಿಳಾಸವನ್ನು, ಪತ್ರ ಬರೆದವರದಲ್ಲ.

ಒಂದು ಕಾಲದಲ್ಲಿ ಹಾಟ್‌ಮೇಲ್, ಯಾಹೂ ಪತ್ರಗಳಲ್ಲಿ ‘ಎಕ್ಸ್ ಒರಿಜಿನೇಟಿಂಗ್ ಐಪಿ’ಯಂಥ ಸಾಲಿನಲ್ಲಿ ಕಳುಹಿಸಿದವರ ಸ್ವಂತ ಐಪಿ ಕಾಣುತ್ತಿತ್ತು. ಅಂತರಜಾಲದಲ್ಲಿ ಇಂದಿಗೂ ಸಿಗುವ ಹಳೆಯ ಸಲಹೆಗಳೆಲ್ಲ ಆ ಕಾಲದವು. ಈಗ ಜಿಮೇಲ್ ಸೇರಿದಂತೆ ದೊಡ್ಡ ಸೇವೆಗಳು ಬ್ರೌಸರ್‌ನಿಂದಲೋ ತಮ್ಮ ಆ್ಯಪ್‌ನಿಂದಲೋ ಕಳುಹಿಸಿದ ಪತ್ರದಲ್ಲಿ ಅದನ್ನು ಬರೆಯುವುದಿಲ್ಲ. ಇದು ಸರಿಯಾದ ನಿರ್ಧಾರವೇ ಎಂಬುದು ನನ್ನ ಅಭಿಪ್ರಾಯ. ನೀವು ಕಳುಹಿಸುವ ಪ್ರತಿ ಪತ್ರದ ಜೊತೆ ನೀವು ಎಲ್ಲಿಂದ ಬರೆಯುತ್ತಿದ್ದೀರಿ ಎಂಬ ಸುಳಿವು ಅಪರಿಚಿತರಿಗೆ ಹೋಗಬಾರದು.

ಹಾಗಾದರೆ ಕಳುಹಿಸಿದವರ ಐಪಿ ಕಾಣುವುದು ಯಾವಾಗ? ಥಂಡರ್‌ಬರ್ಡ್‌ನಂಥ ತಂತ್ರಾಂಶದ ಮೂಲಕ ಕಳುಹಿಸಿದಾಗ ಕೆಳಗಿನ ಠಸ್ಸೆಯಲ್ಲಿ ಅನೇಕ ವೇಳೆ ಅದು ಉಳಿದಿರುತ್ತದೆ. ಸಣ್ಣ ಕಂಪನಿಗಳು, ಕಾಲೇಜುಗಳು ತಾವೇ ನಡೆಸುವ ಮೇಲ್ ಸರ್ವರ್‌ಗಳೂ ಅದನ್ನು ಮರೆಮಾಡುವುದು ಕಡಿಮೆ. ಸಂಸ್ಥೆಯ ಒಳಗಿನಿಂದಲೇ ಬಂದ ಪತ್ರವಾದರಂತೂ, ಹೊರಗಿನವರಿಗೆ ಅರ್ಥಹೀನವಾದ 192.168.4.27ರಂಥ ಖಾಸಗಿ ವಿಳಾಸ ನಮ್ಮಂಥವರಿಗೆ ಬಹಳ ಹೇಳುತ್ತದೆ. ಆ ಹೊತ್ತಿನಲ್ಲಿ ಆ ಸಂಖ್ಯೆ ಯಾವ ಯಂತ್ರಕ್ಕೆ ಕೊಟ್ಟಿತ್ತು ಎಂಬುದು ನೆಟ್‌ವರ್ಕ್‌ನ ಡಿಎಚ್‌ಸಿಪಿ ದಾಖಲೆಯಲ್ಲಿರುತ್ತದೆ. ಒಮ್ಮೆ ಒಂದು ಕಾಲೇಜಿನಲ್ಲಿ ಹೀಗೆ ಹುಡುಕಿದಾಗ ನಾನು ತಲುಪಿದ್ದು ಗ್ರಂಥಾಲಯದ ಬಾಗಿಲ ಬಳಿಯ ಕಂಪ್ಯೂಟರಿಗೆ. ಆ ಯಂತ್ರಕ್ಕೆ ಪಾಸ್‌ವರ್ಡ್ ಇರಲಿಲ್ಲ. ದಿನಕ್ಕೆ ಎಷ್ಟು ವಿದ್ಯಾರ್ಥಿಗಳು ಅದರ ಮುಂದೆ ಕುಳಿತು ಏಳುತ್ತಾರೋ ಲೆಕ್ಕವಿಲ್ಲ. ಐಪಿ ಯಂತ್ರದವರೆಗೆ ಕೈಹಿಡಿದು ಕರೆತಂದಿತು, ಕುರ್ಚಿಯಲ್ಲಿ ಕುಳಿತಿದ್ದವರನ್ನು ತೋರಿಸಲಿಲ್ಲ. ಪ್ರಾಂಶುಪಾಲರಿಗೆ ನಾನು ಬರೆದು ಕೊಟ್ಟದ್ದೂ ಅಷ್ಟನ್ನೇ.

ನಕ್ಷೆಯ ಗುರುತನ್ನು ನಂಬಬೇಡಿ

ಐಪಿ ಹಾಕಿದರೆ ಊರು ತೋರಿಸುವ ಜಾಲತಾಣಗಳ ಹಿಂದೆ ಇರುವುದು ಅಂದಾಜಿನ ಪಟ್ಟಿಗಳು. ದೇಶ ಸಾಮಾನ್ಯವಾಗಿ ಸರಿಯಿರುತ್ತದೆ. ಊರು ಎಷ್ಟೋ ಬಾರಿ ತಪ್ಪು. ಸಾಗರದಲ್ಲಿ ಕುಳಿತು ಮೊಬೈಲ್ ಡೇಟಾ ಬಳಸುವವರನ್ನು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ತೋರಿಸುವುದುಂಟು, ಕಂಪನಿಯ ದೊಡ್ಡ ಗೇಟ್‌ವೇ ಅಲ್ಲಿರುತ್ತದೆ ಎಂಬ ಕಾರಣಕ್ಕೆ. ನಿಮ್ಮ ಸ್ವಂತ ಐಪಿಯನ್ನೇ ಹಾಕಿ ನೋಡಿ; ಗುರುತು ನಿಮ್ಮ ಮನೆಯಿಂದ ಎಷ್ಟು ದೂರ ಬಿದ್ದಿದೆ ಎಂದು ಕಂಡರೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಈ ಅಂದಾಜು ಎಂಥ ಸಂಕಟ ತರಬಲ್ಲದು ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಕಥೆ ಸಾಕು. ಐಪಿಗಳಿಗೆ ಜಾಗ ಗೊತ್ತುಪಡಿಸುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ‘ಅಮೆರಿಕ’ ಎಂಬುದರಾಚೆ ಏನೂ ತಿಳಿಯದ ವಿಳಾಸಗಳನ್ನೆಲ್ಲ ಆ ದೇಶದ ನಡುಮಧ್ಯದ ಒಂದು ಬಿಂದುವಿಗೆ ಸೇರಿಸಿತ್ತು. ಲೆಕ್ಕದ ಅನುಕೂಲಕ್ಕೆ 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ಸುತ್ತಂಕಿ ಮಾಡಿತ್ತು. ಆ ಬಿಂದು ಬಿದ್ದದ್ದು ಪಾಟ್‌ವಿನ್ ಎಂಬ ಪುಟ್ಟ ಊರಿನ ಬಳಿ, ಯಾರದೋ ಜಮೀನಿನಲ್ಲಿ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಒಂದೇ ಜಾಗಕ್ಕೆ ಅಂಟಿಕೊಂಡವು. ಕದ್ದ ಫೋನ್ ಹುಡುಕುವವರು, ಮೋಸಹೋದವರು, ಪೊಲೀಸರು ವರ್ಷಗಟ್ಟಲೆ ಆ ಮನೆಯ ಬಾಗಿಲು ತಟ್ಟಿದರು. ಒಳಗಿದ್ದವರಿಗೆ ಕಾರಣವೇ ಗೊತ್ತಿರಲಿಲ್ಲ. 2016ರಲ್ಲಿ ಪತ್ರಿಕಾ ವರದಿಯಿಂದ ವಿಷಯ ಬಯಲಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ಮಧ್ಯಕ್ಕೆ ಸ್ಥಳಾಂತರಿಸಿತು.

ಐಪಿಯಿಂದ ಹೆಸರಿನವರೆಗೆ

ಕಳುಹಿಸಿದವರ ನಿಜವಾದ ಐಪಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಅಲ್ಲಿಂದ ಹೆಸರಿನವರೆಗಿನ ದಾರಿ ಇಂಟರ್ನೆಟ್ ಕಂಪನಿಯ ದಾಖಲೆಯ ಮೂಲಕವೇ ಹೋಗಬೇಕು. ನೀವು ಕೇಳಿದರೆ ಅವರು ಕೊಡುವುದಿಲ್ಲ, ಕೊಡಲೂಬಾರದು.

ಮನೆಯ ಬ್ರಾಡ್‌ಬ್ಯಾಂಡ್‌ನ ಐಪಿ ಸಾಮಾನ್ಯವಾಗಿ ಸ್ಥಿರವಲ್ಲ. ರೂಟರ್ ಆರಿಸಿ ಹಚ್ಚಿದರೆ ಬೇರೆಯದು ಬರಬಹುದು, ನಿಮ್ಮ ಹಳೆಯ ಸಂಖ್ಯೆ ಇನ್ನೊಬ್ಬರಿಗೆ ಹೋಗಬಹುದು. ಜೊತೆಗೆ ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳ ಕೊರತೆಯಿಂದಾಗಿ ಕಂಪನಿಗಳು ಸಿಜಿನ್ಯಾಟ್ ಎಂಬ ವ್ಯವಸ್ಥೆಯಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಒಂದೇ ಹೊತ್ತಿಗೆ ಹಲವಾರು ಗ್ರಾಹಕರಿಗೆ ಹಂಚುತ್ತವೆ. ವಠಾರಕ್ಕೆಲ್ಲ ಒಂದೇ ಅಂಚೆ ಪೆಟ್ಟಿಗೆ ಇದ್ದ ಹಾಗೆ. ಆಗ ಯಾರು ಎಂದು ಬಿಡಿಸಲು ಐಪಿಯ ಜೊತೆ ಸೆಕೆಂಡಿನವರೆಗಿನ ಸಮಯವೂ, ಒಂದೇ ಐಪಿಯ ಸಂಪರ್ಕಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಪೋರ್ಟ್ ಸಂಖ್ಯೆಯೂ ಬೇಕು. ಇಮೇಲ್ ಹೆಡರ್‌ನಲ್ಲಿ ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ ಇರುವುದೇ ಇಲ್ಲ. ಐಪಿವಿ6 ಎಂಬ ಹೊಸ ಮಾದರಿಯ ಉದ್ದನೆಯ ವಿಳಾಸ ಬಂದ ಮೇಲೆ ಈ ಹಂಚಿಕೆಯ ಗೋಜು ಕಡಿಮೆಯಾಗಿದೆ, ಆದರೆ ಫೋನುಗಳೂ ಕಂಪ್ಯೂಟರುಗಳೂ ತಮ್ಮ ವಿಳಾಸದ ಕೊನೆಯ ಅರ್ಧವನ್ನು ಆಗಾಗ ಬದಲಿಸಿಕೊಳ್ಳುತ್ತವೆ.

ದಾಖಲೆ ತೆಗೆಯುವವರ ಕೈ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಮನೆಯಿಂದ ಬಂಧಿಸಿ ಕರೆದೊಯ್ದರು. ಆರ್ಕುಟ್‌ನಲ್ಲಿ ಛತ್ರಪತಿ ಶಿವಾಜಿಯನ್ನು ಅವಹೇಳನ ಮಾಡುವ ಚಿತ್ರ ಹಾಕಿದ ಆರೋಪ. ಅದು ಇಮೇಲ್ ಅಲ್ಲ, ಆದರೆ ಪುರಾವೆ ಇದೇ ಜಾತಿಯದು: ಒಂದು ಐಪಿ ವಿಳಾಸ, ಅದಕ್ಕೆ ಇಂಟರ್ನೆಟ್ ಸೇವೆ ನೀಡುವ ಕಂಪನಿ ಕೊಟ್ಟ ಒಂದು ಹೆಸರು. ಆ ಹೆಸರು ತಪ್ಪಾಗಿತ್ತು. ಅದು ಗೊತ್ತಾಗಿ ಬಿಡುಗಡೆಯಾಗುವಷ್ಟರಲ್ಲಿ ಆತ 50 ದಿನ ಜೈಲಿನಲ್ಲಿ ಕಳೆದಿದ್ದ. ಐಪಿ ಎಂಬ ಮಾತು ಬಂದಾಗಲೆಲ್ಲ ನನಗೆ ಆ 50 ದಿನಗಳು ನೆನಪಾಗುತ್ತವೆ.

ಹೆಸರು ಸರಿಯಿದ್ದರೂ ವ್ಯಕ್ತಿ ಬೇರೆಯಾಗಬಹುದು. 2008ರ ಜುಲೈ 26ರಂದು ಅಹಮದಾಬಾದ್ ಸರಣಿ ಸ್ಫೋಟಕ್ಕೆ ತುಸು ಮುಂಚೆ ಸುದ್ದಿವಾಹಿನಿಗಳಿಗೆ ಬಂದ ಇಮೇಲ್‌ನ ಐಪಿ, ತನಿಖೆಯವರನ್ನು ನವಿ ಮುಂಬೈನಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಗೆ ಕರೆದೊಯ್ದಿತು. ಅವರ ವೈಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ನಿಮ್ಮ ಮನೆಯ ವೈಫೈಗೆ ಗಟ್ಟಿಯಾದ ಪಾಸ್‌ವರ್ಡ್ ಇಲ್ಲದಿದ್ದರೆ ಈ ಲೇಖನ ಮುಗಿಸುವ ಮುನ್ನ ಎದ್ದು ಹೋಗಿ ಅದನ್ನು ಬದಲಿಸಿ.

ವಿಪಿಎನ್, ಟಾರ್ ಬಳಸಿದ್ದರೆ?

ಇವು ಬಳಕೆದಾರರ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸಿ ಅವರ ಐಪಿಯನ್ನು ಮರೆಮಾಡುವ ಸೇವೆಗಳು. ಆಗ ಐಪಿ ಆ ಸೇವೆಯ ಸರ್ವರ್‌ವರೆಗೆ ಮಾತ್ರ ಹೋಗಿ ನಿಲ್ಲುತ್ತದೆ. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್ ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು; ಕೆಲವು ದೊಡ್ಡ ಕಂಪನಿಗಳು ಅದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಮಕ್ಕಳನ್ನು ಕರೆದೊಯ್ಯಲು ಓಡಿದ ಪೋಷಕರಲ್ಲಿ ಹಲವರು ಕೇಳಿದ್ದು ‘ಐಪಿ ನೋಡಿ ತಕ್ಷಣ ಹಿಡಿಯಬಾರದೇ’ ಎಂದು. ವಿದೇಶಿ ಮೇಲ್ ಸೇವೆಯ ಹಿಂದೆ ನಿಂತವರನ್ನು ತಲುಪಲು ಆ ದೇಶದ ಕಾನೂನಿನ ಬಾಗಿಲನ್ನು ತಟ್ಟಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಹಾಗೆಂದು ಮುಖ ಮರೆಸಿಕೊಂಡವರು ಸಿಗುವುದೇ ಇಲ್ಲ ಎಂದಲ್ಲ. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆ ಇಮೇಲ್ ಬಂತು, ಟಾರ್ ಮೂಲಕ, ತಾತ್ಕಾಲಿಕ ಮೇಲ್ ವಿಳಾಸದಿಂದ. ಹೆಡರ್‌ನಲ್ಲಿದ್ದ ಐಪಿ ಟಾರ್‌ನದು ಎಂದಷ್ಟೇ ತಿಳಿಯಿತು. ತನಿಖೆಯವರು ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ವೈಫೈಯಿಂದ ಟಾರ್ ಬಳಸಿದವರು ಯಾರೆಂದು ನೋಡಿದರು, ಒಬ್ಬ ವಿದ್ಯಾರ್ಥಿ ಸಿಕ್ಕಿದ, ವಿಚಾರಿಸಿದಾಗ ಪರೀಕ್ಷೆ ತಪ್ಪಿಸಲು ಹೀಗೆ ಮಾಡಿದೆ ಎಂದು ಒಪ್ಪಿಕೊಂಡ. ಅಲ್ಲಿ ಫಲ ಕೊಟ್ಟದ್ದು ಐಪಿಯ ಜೊತೆಗೆ ಸಮಯ, ಉದ್ದೇಶ, ವಿಚಾರಣೆ ಎಲ್ಲವೂ ಸೇರಿದ ತನಿಖೆ.

ದೂರು ಕೊಡುವುದು ಹೇಗೆ

ಬೆದರಿಕೆ, ಸುಲಿಗೆ, ಅಶ್ಲೀಲ ಪತ್ರ, ನಿಮ್ಮ ಹೆಸರಿನ ದುರ್ಬಳಕೆ ಇವು ಅಪರಾಧಗಳು. ಗುರುತು ಮರೆಸಿ ಬೆದರಿಕೆ ಹಾಕುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಅಡಿ ಬರುತ್ತದೆ. ಗುರುತಿನ ಕಳವು, ಸೋಗು ಹಾಕಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳ ಅಡಿ. 66ಎ ಹಾಕಿಸಿ ಎಂದು ಇಂದಿಗೂ ಸಲಹೆ ಕೊಡುವವರಿದ್ದಾರೆ. ಅದನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಬಹುದು. ಹಣ ಕಳೆದುಕೊಂಡಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಉಳಿದದ್ದು ಆಮೇಲೆ. ಇಎಂಎಲ್ ಕಡತವಿರುವ ಪೆನ್‌ಡ್ರೈವ್, ಹೆಡರ್‌ನ ಮುದ್ರಿತ ಪ್ರತಿ, ಪತ್ರ ಬಂದ ಸಮಯವನ್ನು ಭಾರತದ ಸಮಯಕ್ಕೆ ಪರಿವರ್ತಿಸಿ ಬರೆದ ಟಿಪ್ಪಣಿ ಜೊತೆಗಿರಲಿ. ಟಿಪ್ಪಣಿಯಲ್ಲಿ ಮೂಲ ಸಮಯವನ್ನೂ -0800ರಂಥ ಗುರುತನ್ನೂ ಇದ್ದ ಹಾಗೆಯೇ ನಮೂದಿಸಿ. ನ್ಯಾಯಾಲಯದವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ನೀವು ಮೊದಲ ದಿನ ಬರೆದಿಟ್ಟ ಹಾಳೆ ಆಗ ಕೆಲಸಕ್ಕೆ ಬರುತ್ತದೆ.

ನಿಮಗೆ ಕಾಣದ ಐಪಿ ಮೇಲ್ ಕಂಪನಿಗೆ ಕಾಣುತ್ತದೆ ಎಂಬುದು ಇಲ್ಲಿ ಮುಖ್ಯ. ಖಾತೆ ತೆರೆದಾಗಿನ ಐಪಿ, ಲಾಗಿನ್ ಆದ ಸಮಯಗಳು, ಮರುಪಡೆಯಲು ಕೊಟ್ಟ ಫೋನ್ ಸಂಖ್ಯೆ, ಇವೆಲ್ಲ ಅವರ ದಾಖಲೆಯಲ್ಲಿರಬಹುದು. ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ಅಡಿ ಅವನ್ನು ಕೇಳಬಹುದು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಲಿಖಿತ ಆದೇಶ ತಲುಪಿದ 72 ಗಂಟೆಗಳೊಳಗೆ ಕಂಪನಿ ಮಾಹಿತಿ ಕೊಡಬೇಕು. ಭಾರತದ ಇಂಟರ್ನೆಟ್ ಕಂಪನಿಗಳು ಬಳಕೆಯ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕೆಂಬ ಷರತ್ತು ಪರವಾನಗಿಯಲ್ಲಿದೆ. ಆದರೂ ತಡಮಾಡಬೇಡಿ. ಮಾನಹಾನಿಯಂಥ ಸಿವಿಲ್ ವ್ಯಾಜ್ಯವಾದರೆ ವಕೀಲರ ಮೂಲಕ ಅನಾಮಿಕ ಪ್ರತಿವಾದಿಯ ವಿರುದ್ಧ ದಾವೆ ಹೂಡಿ, ವಿವರ ಕೊಡುವಂತೆ ನ್ಯಾಯಾಲಯದಿಂದ ಆದೇಶ ಕೋರಬಹುದು. ನಮ್ಮ ನ್ಯಾಯಾಲಯಗಳಲ್ಲಿ ಹೆಸರು ತಿಳಿಯದ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂದು ನಮೂದಿಸುವ ರೂಢಿಯಿದೆ.

ಅವರ ಐಪಿ ಹಿಡಿಯಲು ಬಲೆಯ ಕೊಂಡಿ ಕಳುಹಿಸಿ ಎಂದೋ, ಅವರ ಖಾತೆಗೆ ನುಗ್ಗಿ ಕೊಡುತ್ತೇವೆ ಎಂದೋ ಹೇಳುವವರ ಹತ್ತಿರ ಹೋಗಬೇಡಿ. ಅನುಮತಿಯಿಲ್ಲದೆ ಇನ್ನೊಬ್ಬರ ಖಾತೆ ಹೊಕ್ಕರೆ ದೂರುದಾರರೇ ಆರೋಪಿಯಾಗಬೇಕಾಗುತ್ತದೆ. ಅನುಮಾನವಿರುವ ಹೆಸರನ್ನು ಪೊಲೀಸರಿಗೆ ಹೇಳಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಶಾಲೆಯ ವಿಷಯದಲ್ಲಿ ನಾವು ಮಾಡಿದ್ದೂ ಇದನ್ನೇ. ಪತ್ರದ ಮೂಲ ಕಡತವನ್ನು ಇಳಿಸಿಕೊಂಡು, ದೂರಿನ ಜೊತೆ ಸಿಇಎನ್ ಠಾಣೆಗೆ ಕೊಟ್ಟೆವು. ಬಿಸಿಯೂಟದ ದಾಸ್ತಾನು ಪುಸ್ತಕವನ್ನು ಮುಖ್ಯೋಪಾಧ್ಯಾಯಿನಿಯವರು ತಾವಾಗಿಯೇ ಬಿಇಒ ಕಚೇರಿಗೆ ಒಯ್ದು ತಪಾಸಣೆಗೆ ಒಪ್ಪಿಸಿದರು. ಅಂದೇ ಸಂಜೆ ಅವರೂ ಮಂಡಳಿಯ ಅಧ್ಯಕ್ಷರೂ ಹೆಡರ್‌ನ ಪ್ರತಿಯೊಂದನ್ನು ಹಿಡಿದು ಮಾಜಿ ಕಾರ್ಯದರ್ಶಿಯವರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಹಿರಿಯರು ಕನ್ನಡಕ ಹಾಕಿಕೊಂಡು, ನಾನು ಪೆನ್ಸಿಲ್‌ನಿಂದ ಗುರುತು ಮಾಡಿದ್ದ ಸಾಲನ್ನು ಎರಡು ಸಲ ಓದಿದರು. ‘ಇಷ್ಟನ್ನು ಮೊದಲೇ ಯಾರನ್ನಾದರೂ ಕೇಳಬಹುದಿತ್ತಲ್ಲ’ ಎಂದರು. ಆಮೇಲೆ ಒಳಗೆ ತಿರುಗಿ, ಮೂರು ಲೋಟ ಕಾಫಿ ತರಲು ಹೇಳಿದರು.